ರೀಸ್ಟಾರ್ಟ್ ರಾಯರು

ಬಡಾವಣೆ ಅಂದಮೇಲೆ ಅಲ್ಲೊಬ್ಬರು ರೀಸ್ಟಾರ್ಟ್ ರಾಯರು ಇರಲೇಬೇಕು. ಮೈಸೂರಿನ ಕುವೆಂಪುನಗರದಲ್ಲೂ ಇದ್ದಾರೆ, ಹುಬ್ಬಳ್ಳಿಯ ವಿದ್ಯಾನಗರದಲ್ಲೂ ಇದ್ದಾರೆ. ಹೆಚ್ಚಾಗಿ ಬ್ಯಾಂಕಿನಿಂದಲೋ ಟೆಲಿಫೋನ್ ಇಲಾಖೆಯಿಂದಲೋ ನಿವೃತ್ತರಾದವರು. ಕಚೇರಿಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಮಿಕ್ಕವರೆಲ್ಲ ಹೆದರಿ ದೂರ ನಿಂತಾಗ ಇವರೊಬ್ಬರೇ ಮುಂದೆ ಹೋಗಿ ಗುಂಡಿ ಒತ್ತಿದ್ದರಂತೆ. ಆ ಧೈರ್ಯದ ಬಡ್ಡಿ ಇವತ್ತಿಗೂ ಬರುತ್ತಿದೆ. ಯಾರು ಯಾವ ತೊಂದರೆ ಹೇಳಿದರೂ ಇವರ ಮೊದಲ ಮಾತು, "ರೀಸ್ಟಾರ್ಟ್ ಮಾಡಿ ನೋಡಿದ್ರಾ?" ಮಿಕ್ಸಿ ಕೆಟ್ಟರೂ ಅದನ್ನೇ ಕೇಳುತ್ತಾರೆ ಎಂದು ಮನೆಯವರ ದೂರು.

ಒಂದು ಬಗೆಯ ಕರೆ ಬಂದಾಗ ಮಾತ್ರ ರಾಯರು ಹಾಗೆ ಕೇಳುವುದಿಲ್ಲ. ಅದು ರಾತ್ರಿ ಊಟವಾದ ಮೇಲೆ ಬರುತ್ತದೆ, ಪಿಸುದನಿಯಲ್ಲಿ.

"ರಾಯರೇ, ಸ್ವಲ್ಪ ಬಂದು ಹೋಗ್ತೀರಾ? ಕಂಪ್ಯೂಟರಿಗೆ ಏನೋ ಆಗಿದೆ."

"ಏನಾಗಿದೆ?"

"ಫೋನಲ್ಲಿ ಬೇಡ."

ರಾಯರು ಪೆನ್‌ಡ್ರೈವ್‌ಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ.

ಅಲ್ಲಿ ಹಾಲಿನ ಮೂಲೆಯಲ್ಲಿ ಮಾನಿಟರಿನ ಮೇಲೆ ಸ್ನಾನದ ಟವೆಲ್ ಹೊದಿಸಿರುತ್ತಾರೆ, ಅಜ್ಜಿಯ ಕಣ್ಣಿಗೆ ಬೀಳದಿರಲೆಂದು. ಟವೆಲ್ ತೆಗೆದರೆ ಪರದೆ ತುಂಬ ಪೊಲೀಸ್ ಲಾಂಛನ, ಅದರ ಕೆಳಗೆ ಕಾಗುಣಿತ ತಪ್ಪಿದ ಇಂಗ್ಲಿಷು: ಈ ಯಂತ್ರದಲ್ಲಿ ಅಶ್ಲೀಲ ದೃಶ್ಯ ನೋಡಲಾಗಿದೆ, ಯಂತ್ರಕ್ಕೆ ಬೀಗ ಹಾಕಿದ್ದೇವೆ, ದಂಡ ಕಟ್ಟಿ. ಯಾವ ಕೀಲಿ ಒತ್ತಿದರೂ ಅದು ಜಗ್ಗುವುದಿಲ್ಲ. ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ಪಿಯುಸಿ ಓದುವ ಮಗನಿಗೆ ಇದ್ದಕ್ಕಿದ್ದಂತೆ ರಸಾಯನಶಾಸ್ತ್ರದ ಮೇಲೆ ಪ್ರೀತಿ ಉಕ್ಕಿದೆ. ಮದುವೆಗೆಂದು ಬಂದು ಉಳಿದುಕೊಂಡ ಭಾವಮೈದುನ, "ನಾನು ರೈಲು ಟಿಕೆಟ್ ಮಾತ್ರ ನೋಡಿದ್ದು ಭಾವ" ಎಂದು ಯಾರೂ ಕೇಳದೆಯೇ ಹೇಳುತ್ತಾನೆ. ಎಂದೂ ಮಗನ ಪರ ವಹಿಸದ ಯಜಮಾನರು ಇವತ್ತು, "ಪಾಪ, ಅವನಿಗೇನು ಗೊತ್ತಾಗತ್ತೆ" ಅನ್ನುತ್ತಿದ್ದಾರೆ. ಮನೆಯಾಕೆ ಅದನ್ನು ಗಮನಿಸಿದ್ದಾರೆ.

ರಾಯರ ವಿದ್ಯೆ ಕಾಣುವುದು ಇಲ್ಲಿ. ಚಾಳೀಸು ಏರಿಸಿ, ಕುರ್ಚಿ ಎಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಾರೆ: "ಓ, ಇದಾ! ಯಾರೋ ಕನ್ನಡ ಫಾಂಟು ಇಳಿಸಕ್ಕೆ ಹೋಗಿದೀರ. ಅದರ ಜತೆ ಬಂದಿದೆ."

ಹಾಲಿನಲ್ಲಿ ನಾಲ್ಕು ಉಸಿರು ಒಟ್ಟಿಗೆ ಹೊರಬೀಳುತ್ತವೆ. "ಕನ್ನಡಕ್ಕೆ ಎಷ್ಟು ಕಷ್ಟ ನೋಡು" ಎಂದು ಅಜ್ಜಿ ಮರುಗುತ್ತಾರೆ. (ಟವೆಲ್ ವ್ಯರ್ಥ. ಅವರು ಮಧ್ಯಾಹ್ನವೇ ನೋಡಿಯಾಗಿದೆ.)

ಆಮೇಲಿನದು ಕೈಕೆಲಸ. ಹಳೆಯ ವಿಂಡೋಸ್ 7 ಆದರೆ ಯಂತ್ರ ಏಳುವಾಗಲೇ ಎಫ್8 ಕೀಲಿಯನ್ನು ಟಪಟಪ ಬಡಿದು, ಕಮಾಂಡ್ ಪ್ರಾಂಪ್ಟ್ ಇರುವ ಸೇಫ್ ಮೋಡ್‌ಗೆ ಹೋಗುತ್ತಾರೆ. ಬರೀ ಸೇಫ್ ಮೋಡ್ ಸಾಲದು, ಕೆಲವು ಕಳ್ಳರು ಅಲ್ಲೂ ಬಂದು ಕೂತಿರುತ್ತಾರೆ. ರಿಜಿಸ್ಟ್ರಿ ತೆರೆದು ವಿನ್‌ಲಾಗನ್ ಅನ್ನುವ ಜಾಗದಲ್ಲಿ 'ಶೆಲ್' ಎಂಬ ಸಾಲು ಹುಡುಕುತ್ತಾರೆ. ಅಲ್ಲಿ ಎಕ್ಸ್‌ಪ್ಲೋರರ್ ಒಂದೇ ಇರಬೇಕು. ಅದರ ಪಕ್ಕ ಅರ್ಥವಿಲ್ಲದ ಹೆಸರಿನ ಫೈಲೊಂದು ನುಸುಳಿರುತ್ತದೆ. "ಸಿಕ್ಕಿದ!" ಎನ್ನುವಾಗ ರಾಯರ ಮುಖ ನೋಡಬೇಕು. ಆ ಸಾಲು ಸರಿಮಾಡಿ, ಫೈಲು ಅಳಿಸಿ, ಪೆನ್‌ಡ್ರೈವ್‌ನಿಂದ ಇಡೀ ಯಂತ್ರ ಸ್ಕ್ಯಾನ್ ಮಾಡಲು ಬಿಟ್ಟು, ಕಾಫಿ ಲೋಟ ಕೈಗೆತ್ತಿಕೊಳ್ಳುತ್ತಾರೆ. ಈಚಿನ ಕಳ್ಳರಲ್ಲಿ ಇಷ್ಟೂ ಹುರುಳಿಲ್ಲ ಎಂದು ಅವರಿಗೆ ಬೇಜಾರು. ಬ್ರೌಸರ್ ಪರದೆ ತುಂಬ ಹಿಗ್ಗಿ ಬೀಗದ ನಾಟಕ ಆಡುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದು ಅದನ್ನು ಮುಚ್ಚಿದರೆ ಮುಗಿಯಿತು. ಕಾಫಿ ಬರುವ ಮೊದಲೇ ಕೆಲಸ ಮುಗಿದರೆ ಯಾವ ಮರ್ಯಾದೆ?

ಸ್ಕ್ಯಾನ್ ನಡೆಯುವಾಗ ಇತಿಹಾಸ ಪಾಠ ಕೇಳಲೇಬೇಕು, ಚಕ್ಕುಲಿ ಕೊಟ್ಟರೂ ತಪ್ಪುವುದಿಲ್ಲ. 2012ರಲ್ಲಿ ರೆವೆಟಾನ್ ಅನ್ನುವುದೊಂದು ಅಮೆರಿಕದಲ್ಲಿ ಎಫ್‌ಬಿಐ ವೇಷದಲ್ಲೂ ಬ್ರಿಟನ್ನಿನಲ್ಲಿ ಮೆಟ್ರೊಪಾಲಿಟನ್ ಪೊಲೀಸರ ವೇಷದಲ್ಲೂ ತಿರುಗಿತು, ದೇಶ ನೋಡಿ ಲಾಂಛನ ಬದಲಿಸುತ್ತಿತ್ತು. ಅದಕ್ಕೂ ಮೊದಲು, 1989ರಲ್ಲಿ, ಜೋಸೆಫ್ ಪಾಪ್ ಎಂಬ ವಿದ್ವಾಂಸ ಏಡ್ಸ್ ಮಾಹಿತಿಯ ನೆಪದಲ್ಲಿ ಸುಮಾರು 20,000 ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿ, ಪನಾಮಾದ ಅಂಚೆಪೆಟ್ಟಿಗೆಗೆ 189 ಡಾಲರ್ ಹಾಕಿ ಅಂದ. ಇಲ್ಲಿ ರಾಯರ ದನಿ ಕೊಂಚ ಇಳಿಯುತ್ತದೆ. ಕಾರಣವಿದೆ. ಆ ಫ್ಲಾಪಿಯ ಭೂತ ಮೈಮೇಲೆ ಬರುತ್ತಿದ್ದದ್ದು ಕಂಪ್ಯೂಟರನ್ನು 90 ಬಾರಿ ಸ್ಟಾರ್ಟ್ ಮಾಡಿದ ಮೇಲೆ!

ರಾಯರು ಸೋಲುವ ಮನೆಗಳೂ ಇವೆ. ಪರದೆಗಲ್ಲ, ಫೈಲುಗಳಿಗೇ ಬೀಗ ಬಿದ್ದಿರುತ್ತದೆ. ಮಗಳ ಮದುವೆಯ ಫೋಟೋಗಳ ಹೆಸರಿನ ಕೊನೆಗೆ ಏನೇನೋ ಅಕ್ಷರ ಅಂಟಿಕೊಂಡಿರುತ್ತದೆ. ಅಲ್ಲಿ ಅವರು ಫಾಂಟಿನ ಮಾತೆತ್ತುವುದಿಲ್ಲ. "ಬ್ಯಾಕಪ್ ಇದೆಯಾ?" ಎಂದು ಮೆಲ್ಲಗೆ ಕೇಳುತ್ತಾರೆ. ಇಲ್ಲವೆಂದರೆ, ದುಡ್ಡು ಕಟ್ಟಬೇಡಿ, ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, 'ನೋ ಮೋರ್ ರಾನ್ಸಮ್' ತಾಣದಲ್ಲಿ ಇದಕ್ಕೆ ಬೀಗದ ಕೈ ಇದೆಯೇ ಹುಡುಕೋಣ, ಆ ಡಿಸ್ಕನ್ನು ಎಸೆಯಬೇಡಿ ಎಂದು ಹೇಳಿ ಎದ್ದುಬಿಡುತ್ತಾರೆ. ಆ ದಿನ ಕಾಫಿಯನ್ನೂ ಮುಟ್ಟುವುದಿಲ್ಲ.

ಗೆದ್ದ ಮನೆಗಳಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ, ಆದರೆ ಕಪ್ಪ ಬೇರೆ ರೀತಿ ವಸೂಲಾಗುತ್ತದೆ. ಮಾರನೆಯ ದಿನ ಕಂಪ್ಯೂಟರ್ ತೆರೆದರೆ ಅಕ್ಷರ ಎರಡರಷ್ಟು ದಪ್ಪ, ಪರದೆಗೆ ಜೋಗ ಜಲಪಾತ, ಐಕಾನುಗಳೆಲ್ಲ ಅಕಾರಾದಿಯಾಗಿ ಸಾಲುಗಟ್ಟಿವೆ. ಪಾಸ್‌ವರ್ಡನ್ನೂ ಬದಲಿಸಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಬರೆದಿಟ್ಟಿರುತ್ತಾರೆ.

ಈಗ ಬೀದಿಯಲ್ಲಿ ಯಾರೂ ವೈರಸ್ ಅನ್ನುವುದಿಲ್ಲ. ಮೊನ್ನೆ ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರೇ ಪಾರ್ಕಿನಲ್ಲಿ ರಾಯರನ್ನು ಪಕ್ಕಕ್ಕೆ ಕರೆದು, ಅತ್ತಿತ್ತ ನೋಡಿ, ಹೇಳಿದರು: "ರಾಯರೇ, ನಮ್ಮಲ್ಲೂ ಸ್ವಲ್ಪ ಫಾಂಟು ಬಂದಿದೆ."