ಕತೆಗಾರ ಪ್ರೊಫೆಸರರ ದಿನಚರಿ: ಒಂದು ಅಚ್ಚುಕಟ್ಟು ವರದಿ

ಕತೆ, ಕಾದಂಬರಿ ಬರೆಯುವ ಪ್ರೊಫೆಸರರ ದಿನಚರಿಯನ್ನು ಇಷ್ಟು ಕಾಲ ಸಾಹಿತ್ಯ ವಿಮರ್ಶಕರ ಕೈಗೆ ಕೊಟ್ಟದ್ದೇ ತಪ್ಪಾಯಿತು. ಇದು ಶುದ್ಧ ನೀರಾವರಿ ಇಲಾಖೆಯ ವಿಷಯ. ದಿನದ 24 ಗಂಟೆ ಎಂಬುದು ಜಲಾಶಯ, ಕಾದಂಬರಿ ಎಂಬುದು ಕೊನೇ ಭಾಗದ ಗದ್ದೆ. ನಡುವೆ ಯಾರ್ಯಾರು ಪಂಪ್‌ಸೆಟ್ ಇಳಿಸಿದ್ದಾರೆ ಎಂದು ನೋಡಿದರೆ, ಕನ್ನಡದಲ್ಲಿ ಕಾದಂಬರಿ ಏಕೆ ತಡವಾಗುತ್ತದೆಂದು ಭದ್ರಾ ನಾಲೆಯ ಯಾವ ರೈತನೂ ಹೇಳಿಯಾನು.

ಅಧ್ಯಯನಕ್ಕೆ ದಿನದ ಹೊತ್ತಿಗೊಂದರಂತೆ ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಆರಿಸಿಕೊಂಡೆ. ಪ್ರೊಫೆಸರರನ್ನು ಮಾತ್ರ ಒಬ್ಬರನ್ನೇ. ಹೆಸರು ಹಾಕಬೇಡಿ ಎಂದರು. ಮರುದಿನ ಫೋನ್ ಮಾಡಿ, ಹೆಸರಿಲ್ಲದಿದ್ದರೆ ನಾನೇ ಅಂತ ಜನಕ್ಕೆ ಗೊತ್ತಾಗೋದು ಹೇಗೆ ಎಂದೂ ಕೇಳಿದರು.

ಬೆಳಗಿನ ಜಾವ ಚನ್ನಗಿರಿ. ತಲೆ ಅಲ್ಲಿನ ಸೂಳೆಕೆರೆಯಂತೆ ತುಂಬಿರುತ್ತದೆ, ಮೂರು ಅಧ್ಯಾಯ ಅಲೆ ಹೊಡೆಯುತ್ತಿರುತ್ತವೆ. ಆದರೆ ತುಂಬಿದ ಕೆರೆಗೆ ದೂರದ ನೆಂಟರು ಜಾಸ್ತಿ. ಸೂಳೆಕೆರೆ ನೀರು ಚಿತ್ರದುರ್ಗದವರೆಗೂ ಹೋಗುತ್ತದೆ. ಪ್ರೊಫೆಸರರ ಬೆಳಗೂ ಹಾಗೆಯೇ ಊರೂರಿನ ಕವಿಗಳ ಮುನ್ನುಡಿಗೆ ಹರಿದು ಮುಗಿಯುತ್ತದೆ.

ಹತ್ತಕ್ಕೆ ಹೊನ್ನಾಳಿ. ತುಂಗಭದ್ರೆ ಪಕ್ಕದಲ್ಲೇ ಇದ್ದಾಳೆ, ಇಳಿಯಲು ಪುರುಸೊತ್ತಿಲ್ಲ. ಪ್ರೊಫೆಸರರಿಗೆ ವಾರಕ್ಕೆ 14 ಗಂಟೆ ನೇರ ಪಾಠ ಎನ್ನುತ್ತದೆ ಯುಜಿಸಿಯ 2018ರ ನಿಯಮಾವಳಿ. ಪಾಠದಿಂದ ಕತೆಗೆ ನಷ್ಟವಿಲ್ಲ. ಅದು ಅಧಿಕೃತ ತೂಬು, ಜಿನುಗಿದ್ದು ಅದೇ ನೆಲಕ್ಕೆ ಇಳಿಯುತ್ತದೆ. ನೀರು ಹೀರುವುದು ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಕಡತ. ನಡೆದ ಕಾರ್ಯಕ್ರಮಕ್ಕೆ ಒಂದು ಪುಟದ ವರದಿ, ನಡೆಯದ ಕಾರ್ಯಕ್ರಮಕ್ಕೆ ನಾಲ್ಕು ಪುಟದ್ದು. ಅವರು ಬರೆದ ಇಂಥ ವರದಿಗಳನ್ನು ಓದಿದೆ: ಪಾತ್ರಪೋಷಣೆ, ವಾತಾವರಣ, ಅನಿರೀಕ್ಷಿತ ಮುಕ್ತಾಯ, ಏನೂ ಕಡಿಮೆಯಿಲ್ಲ. ಅವರ ಕತೆಗಳಲ್ಲಿ ಇವೆಲ್ಲ ಕಡಿಮೆ ಎಂದು ಗೊಣಗುವ ವಿಮರ್ಶಕರು ನೀರು ಎಲ್ಲಿ ಹೋಯಿತೆಂದು ಅಳೆದವರಲ್ಲ.

ಹಿಂದಿನವರು ಬರೆಯಲಿಲ್ಲವೇ ಎನ್ನಬಹುದು. 1936ರಲ್ಲಿ ‘ಕಾನೂರು ಹೆಗ್ಗಡಿತಿ’ ಬಂದಾಗ ಕುವೆಂಪು ಕಾಲೇಜು ಮೇಷ್ಟ್ರೇ, ನಿಜ; ಆದರೆ ನ್ಯಾಕ್ ಹುಟ್ಟಿದ್ದು 1994ರಲ್ಲಿ, ನಾಲೆಯ ಮೇಲ್ಭಾಗ ಆಗಿನ್ನೂ ಕಾಡು. ಕುವೆಂಪು ಕುಲಪತಿ ಹುದ್ದೆಯಿಂದ 1960ರಲ್ಲಿ ಇಳಿದ ಮೇಲೆ ‘ಮಲೆಗಳಲ್ಲಿ ಮದುಮಗಳು’ 1967ಕ್ಕೆ ಬಂತು. ಆಡಳಿತದ ಹೂಳು ತಳ ಸೇರಲು ಏಳು ವರ್ಷ ಎಂದು ಈ ವರದಿ ಅಂದಾಜಿಸುತ್ತದೆ. ಅನಂತಮೂರ್ತಿ ‘ಸಂಸ್ಕಾರ’ ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಅದು ಪರ ಕಣಿವೆಯ ನೀರು, ಲೆಕ್ಕಕ್ಕಿಲ್ಲ. ಲಂಕೇಶ್ ಮೇಷ್ಟ್ರ ಕೆಲಸವನ್ನೇ ಬಿಟ್ಟು 1980ರಲ್ಲಿ ಪತ್ರಿಕೆ ಹೊರಡಿಸಿದರು. ಇಲಾಖೆಯ ಭಾಷೆಯಲ್ಲಿ ಇದಕ್ಕೆ ಏರಿ ಒಡೆಯುವುದು ಎನ್ನುತ್ತಾರೆ.

ಮಧ್ಯಾಹ್ನ ನ್ಯಾಮತಿ. ಹೊನ್ನಾಳಿಯಿಂದ ಬೇರೆಯಾದ ಹೊಸ ತಾಲ್ಲೂಕು. ಪ್ರೊಫೆಸರರೊಳಗಿನ ಕತೆಗಾರನೂ ಹೀಗೆ ಬೇರೆಯಾದವನೇ: ಬೋರ್ಡಿದೆ, ಸೀಲಿದೆ, ಸಂಬಳ ಮಾತ್ರ ಹಳೇ ಕಚೇರಿಯಿಂದ. ಅದೇ 2018ರ ನಿಯಮಾವಳಿಯ ಅಂಕಪಟ್ಟಿಯಲ್ಲಿ ಅನುವಾದಿಸಿದ ಪುಸ್ತಕಕ್ಕೆ 8 ಅಂಕ ಉಂಟು. ಕಾದಂಬರಿ ಎಂಬ ಹೆಸರಿನ ಸಾಲೇ ಇಲ್ಲ. ಆದ್ದರಿಂದ ನನ್ನ ತಾಂತ್ರಿಕ ಸಲಹೆ: ತಮ್ಮ ಕಾದಂಬರಿಯನ್ನು ಬೇರೆ ಯಾರಿಂದಲಾದರೂ ಬೇರೆ ಭಾಷೆಯಲ್ಲಿ ಬರೆಸಿ, ಕನ್ನಡಕ್ಕೆ ತಾವು ತರುವುದು. ಪ್ರೊಫೆಸರರು ಇದನ್ನು ಬರೆದುಕೊಂಡರು.

ರಾತ್ರಿ ಹತ್ತಕ್ಕೆ ಜಗಳೂರು. ನೆಲ ಒಳ್ಳೆಯದೇ, ನೀರು ಬರಬೇಕಷ್ಟೆ. ಇಲ್ಲಿಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ 5,300 ಕೋಟಿ ರೂಪಾಯಿ ಘೋಷಿಸಿತು. ಅದೇ ವರ್ಷ ಪ್ರೊಫೆಸರರೂ ತಮ್ಮ ಬೃಹತ್ ಕಾದಂಬರಿಯನ್ನು ಘೋಷಿಸಿದರು. ಎರಡೂ ಘೋಷಣೆಗಳು ಈಗಲೂ ಸುಸ್ಥಿತಿಯಲ್ಲಿವೆ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಯನ್ನು ನೆನೆದು ಇವರೂ ಏತ ನೀರಾವರಿ ಹಾಕಿದ್ದಾರೆ: ಮೂರನೇ ಲೋಟ ಕಾಫಿ.

10.40ಕ್ಕೆ ಗೇಜಿನಲ್ಲಿ ತೇವ ಕಂಡಿತು. ಒಂದು ವಾಕ್ಯ. ಅದನ್ನು ಹೊಡೆದು ಹಾಕಿ ಅರ್ಧ ವಾಕ್ಯ. ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು: “ಟ್ಯಾಂಕ್ ತುಂಬಿ ಸುರೀತಾ ಇದೆ, ಮೋಟಾರ್ ಆಫ್ ಮಾಡ್ರೀ!” ಪ್ರೊಫೆಸರರು ಪೆನ್ನಿಗೆ ಕ್ಯಾಪ್ ಹಾಕಿ ಎದ್ದರು. ನಾನು ವರದಿಯ ಕೊನೆಯ ಕಾಲಮ್ಮಿನಲ್ಲಿ ‘ಹೆಚ್ಚುವರಿ ನೀರು: ಲಭ್ಯ’ ಎಂದು ಬರೆದು ಸಹಿ ಹಾಕಿದೆ.