ಹಾರ್ಡ್‌ಡಿಸ್ಕು ಜಮೀನೇ: ಒಂದು ಕಂದಾಯಶಾಸ್ತ್ರೀಯ ಜಿಜ್ಞಾಸೆ

ಹೊಸ ಹಾರ್ಡ್‌ಡಿಸ್ಕಿಗೆ ಆಪರೇಟಿಂಗ್ ಸಿಸ್ಟಂ ಹಾಕುವ ಕ್ರಿಯೆಯನ್ನು ಎಂಜಿನಿಯರುಗಳು ಇದುವರೆಗೆ ತಮ್ಮ ಸ್ವತ್ತೆಂದೇ ತಿಳಿದು ಬಂದಿದ್ದಾರೆ. ಇದು ಭ್ರಮೆ. ಈ ಕ್ರಿಯೆ ಅಡಿಯಿಂದ ಮುಡಿಯವರೆಗೆ ಕಂದಾಯ ಇಲಾಖೆಗೆ ಸೇರಿದ್ದು ಎಂದು ಸಾಧಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರಬಂಧಕಾರನು ಮೂವತ್ತನಾಲ್ಕು ವರ್ಷ ತಾಲೂಕು ಕಚೇರಿಗಳಲ್ಲಿ ಸವೆದು ಶಿರಸ್ತೇದಾರನಾಗಿ ನಿವೃತ್ತನಾದವನು. ಕಂಪ್ಯೂಟರಿನ ಬಗ್ಗೆ ಬರೆಯಲು ಅವನಿಗಿರುವ ಅರ್ಹತೆ ಒಂದೇ, ಅವನ ಮನೆಯದು ಕೆಟ್ಟುಹೋಗಿದ್ದು. ಆಕರಸಾಮಗ್ರಿ ಮೂರು: ಸತ್ತ ಡಿಸ್ಕು ಒಂದು, ಹೊಸ ಡಿಸ್ಕು ಒಂದು, ಅಕ್ಕನ ಮಗ ಒಬ್ಬ.

ಸತ್ತ ಡಿಸ್ಕು ಸಾಯುವ ಮುಂಚೆ ಮೂರು ದಿನ ಲೊಚ ಲೊಚ ಎಂದು ಸದ್ದು ಮಾಡಿತು. ಮನೆಯಾಕೆ ಅದನ್ನು ಹಲ್ಲಿಯೆಂದು ಬಗೆದು, ಲೊಚಗುಟ್ಟಿದಾಗಲೆಲ್ಲ ನೆಲ ತಟ್ಟಿ ‘ಕೃಷ್ಣ ಕೃಷ್ಣ’ ಅಂದಳು. ನಾಲ್ಕನೆಯ ದಿನ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು ಮೂಡಿತು. ಬೂಟ್ ಮಾಡಲು ಯಾವ ಡಿಸ್ಕೂ ಸಿಗುತ್ತಿಲ್ಲ ಎಂದು ಅದರ ತಾತ್ಪರ್ಯ. ಕಚೇರಿಯ ಭಾಷೆಗೆ ತಂದರೆ, ‘ವಾರಸುದಾರರು ಯಾರೂ ಹಾಜರಿಲ್ಲ.’

ಇಲ್ಲಿ ‘ಬೂಟ್’ ಶಬ್ದದ ನಿಷ್ಪತ್ತಿಯನ್ನು ಚರ್ಚಿಸದೆ ಮುಂದೆ ಹೋಗುವುದು ವಿದ್ವತ್ತಿಗೆ ತಕ್ಕುದಲ್ಲ. ಇಂಗ್ಲಿಷಿನವರು ಇದನ್ನು ಬೂಟಿನ ಹಿಂಬದಿಯ ಪಟ್ಟಿಯಿಂದ ಹುಟ್ಟಿಸುತ್ತಾರೆ: ಆ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನೇ ಮೇಲೆತ್ತಿಕೊಳ್ಳುವ ಸಾಹಸ. ಯಂತ್ರವನ್ನು ನಡೆಸುವ ಪ್ರೋಗ್ರಾಂ ಇರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಓದಬೇಕಾದರೆ ಪ್ರೋಗ್ರಾಂ ಬೇಕು. ಈ ಗಂಟು ಬಿಡಿಸಲೆಂದು ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ಪುಟ್ಟ ಪ್ರೋಗ್ರಾಮೊಂದನ್ನು ಕಾವಲಿಗೆ ಕೂರಿಸಿರುತ್ತಾರೆ. ಅದು ಎದ್ದು ಡಿಸ್ಕನ್ನು ಎಬ್ಬಿಸುತ್ತದೆ, ಡಿಸ್ಕು ಉಳಿದವರನ್ನು ಎಬ್ಬಿಸುತ್ತದೆ. ಇರಲಿ. ಆದರೆ ನಮ್ಮಲ್ಲಿ ಕಂಪ್ಯೂಟರು ಬಂದ ಹೊಸತರಲ್ಲಿ ಅದರ ಕೋಣೆಯ ಬಾಗಿಲಿಗೆ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಫಲಕ ತಪ್ಪುತ್ತಿರಲಿಲ್ಲ. ಒಳಗೆ ಏಸಿ, ಹೊರಗೆ ಚಪ್ಪಲಿ ರಾಶಿ. ಬೂಟು ಕಳಚದೆ ಬೂಟ್ ಆಗುತ್ತಿರಲಿಲ್ಲ. ಈ ನಿಷ್ಪತ್ತಿಯನ್ನು ಇಂಗ್ಲಿಷ್ ನಿಘಂಟುಕಾರರು ಕಡೆಗಣಿಸಿರುವುದು ಶೋಚನೀಯ.

ಇನ್ನು ಮೂಲ ಪ್ರಮೇಯ. 2000ದ ಆಸುಪಾಸಿನಲ್ಲಿ ಕರ್ನಾಟಕಕ್ಕೆ ‘ಭೂಮಿ’ ಯೋಜನೆ ಬಂದು, ಅಲ್ಲಿಯವರೆಗೆ ಬಟ್ಟೆಯ ಗಂಟುಗಳಲ್ಲಿ ಮಲಗಿದ್ದ ಪಹಣಿಗಳೆಲ್ಲ ಕಂಪ್ಯೂಟರು ಸೇರಿದವು. ಗಂಟು ಹೊತ್ತವರಲ್ಲಿ ಪ್ರಬಂಧಕಾರನೂ ಒಬ್ಬ. ಅವನ ಸೊಂಟ ಇದಕ್ಕೆ ಸಾಕ್ಷಿ. ಅಂದರೆ ರಾಜ್ಯದ ಹೊಲ, ಗದ್ದೆ, ತೋಟ, ತುಡಿಕೆ ಎಲ್ಲವೂ ಹಾರ್ಡ್‌ಡಿಸ್ಕಿನೊಳಗೆ ಹಿಡಿಸಿದವು. ಅಷ್ಟು ಜಮೀನು ಹಿಡಿಸುವ ಜಾಗ ಜಮೀನಿಗಲ್ಲದೆ ಇನ್ನಾವುದಕ್ಕೂ ಇರಲಾರದು. ಆದ್ದರಿಂದ ಹಾರ್ಡ್‌ಡಿಸ್ಕು ಜಮೀನು. ತಾರ್ಕಿಕರು ಇದರಲ್ಲಿ ದೋಷ ಕಾಣಬಹುದು. ಕಂಡವರು ಮೂವತ್ತು ದಿನದೊಳಗೆ ತಕರಾರು ಅರ್ಜಿ ಸಲ್ಲಿಸತಕ್ಕದ್ದು. ಆಮೇಲೆ ಬಂದದ್ದನ್ನು ಪರಿಗಣಿಸಲಾಗುವುದಿಲ್ಲ.

ಈ ಜಮೀನಿನ ಮೊದಲ ಹಿಡುವಳಿ ಅಮೆರಿಕದ ಐಬಿಎಂ ಕಂಪನಿಯದು. 1956ರಲ್ಲಿ ಅದು ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕಿನಲ್ಲಿ ಎರಡೆರಡು ಅಡಿ ಅಗಲದ ಐವತ್ತು ತಟ್ಟೆಗಳಿದ್ದವು. ತೂಕ ಒಂದು ಟನ್ನಿನ ಆಸುಪಾಸು. ಹಿಡಿಸುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ; ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೊ ಇಟ್ಟರೆ ಅಲ್ಲಿಗೆ ಮುಗಿಯಿತು. ಇಡೀ ಯಂತ್ರವನ್ನು ತಿಂಗಳಿಗೆ 3,200 ಡಾಲರಿಗೆ ಬಾಡಿಗೆಗೆ ಕೊಡುತ್ತಿದ್ದರು. ಗಮನಿಸಿ, ಬಾಡಿಗೆಗೆ. ಹುಟ್ಟಿದಂದೇ ಇದು ಗೇಣಿಗೆ ಬಿದ್ದ ವಸ್ತು ಎಂಬುದು ನಮ್ಮ ವಾದಕ್ಕೆ ಆನೆಬಲ.

ಹೊಸ ಡಿಸ್ಕಿನ ಮೇಲೆ ಒಂದು ಟೆರಾಬೈಟ್ ಎಂದು ಅಚ್ಚಾಗಿತ್ತು. ಪರದೆಯ ಮೇಲೆ ಬಂದದ್ದು 931 ಗಿಗಾಬೈಟ್. ಉಳಿದದ್ದನ್ನು ಅಂಗಡಿಯವನು ನುಂಗಿದ ಎಂದು ಮನೆಯಾಕೆ ತೀರ್ಪು ಕೊಟ್ಟಳು. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ ಎಂದು ಅಕ್ಕನ ಮಗ ಕೈ ಕಾಲು ಆಡಿಸಿ ವಿವರಿಸಿದ. ಇದರಲ್ಲಿ ಬೆರಗಾಗುವಂಥದ್ದೇನೂ ಪ್ರಬಂಧಕಾರನಿಗೆ ಕಾಣಲಿಲ್ಲ. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ ಎಂದು ಬರೆದ ಕೈ ಇದು. ಪಹಣಿಯಲ್ಲಿ 2.20 ಎಂದಿದ್ದರೆ ಅದು ಎರಡೂವರೆ ಎಕರೆ. ಪೇಟೆಯಿಂದ ಬಂದ ಖರೀದಿದಾರ ಅದನ್ನು ಎರಡೂಕಾಲಕ್ಕೂ ಕಡಿಮೆ ಎಂದು ಓದಿ ರೇಟು ಇಳಿಸಲು ನೋಡುತ್ತಾನೆ. ಅಳತೆಗೋಲು ಎರಡಿರುವ ಕಡೆ ಯಾರೂ ಕದ್ದಿರುವುದಿಲ್ಲ, ಆದರೂ ಕಡಿಮೆಯಾಗಿರುತ್ತದೆ.

ಡಿಸ್ಕಿನ ಮೈಯನ್ನು ಕಾರ್ಖಾನೆಯಲ್ಲೇ ಸೆಕ್ಟರುಗಳಾಗಿ ಅಳೆದು ಕಳಿಸಿರುತ್ತಾರೆ. ಸೆಕ್ಟರು ಎಂದರೆ ಸರ್ವೆ ನಂಬರು. ದಾಖಲೆಯ ಪ್ರಕಾರ ವಿಸ್ತೀರ್ಣ 512 ಬೈಟು. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಇಂಥವು 1,95,35,25,168. ಬಾಂದುಕಲ್ಲು ಕಿತ್ತು ಪಕ್ಕದ ಹೊಲಕ್ಕೆ ಸರಿಸಿದ ಉದಾಹರಣೆ ಒಂದೂ ಇಲ್ಲ. ಕೆಟ್ಟ ಸೆಕ್ಟರು ಕಂಡರೆ ಬಳಕೆಯಿಂದ ಕೈಬಿಡುತ್ತಾರೆ, ಅದು ಖರಾಬು. ಎಣಿಕೆ ಸೊನ್ನೆಯಿಂದ ಶುರು. ಹಳೆಯ ಪದ್ಧತಿಯಲ್ಲಿ ಈ ಸೊನ್ನೆಯ ಸರ್ವೆ ನಂಬರೇ ಶಾನುಭೋಗರ ಮನೆ: 446 ಬೈಟಿನಲ್ಲಿ ಯಂತ್ರವನ್ನು ಎಬ್ಬಿಸುವ ಮಂತ್ರ, 64 ಬೈಟಿನಲ್ಲಿ ಪಾಲುಪಟ್ಟಿ, ಕೊನೆಯ ಎರಡು ಬೈಟಿನಲ್ಲಿ ಮೊಹರು. ಮೊಹರು ಇಲ್ಲದಿದ್ದರೆ ಡಿಸ್ಕು ಊರ್ಜಿತವಲ್ಲ.

1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಈ ಪಾಲುಪಟ್ಟಿಯಲ್ಲಿ ಪಾಲು ನಾಲ್ಕೇ. ಐದನೆಯ ತಮ್ಮ ಹುಟ್ಟಿದರೆ, ಒಬ್ಬನ ಪಾಲನ್ನು ‘ವಿಸ್ತೃತ’ ಎಂದು ಘೋಷಿಸಿ ಅದರೊಳಗೆ ಪೋಡಿ ಮಾಡಬೇಕು. ಇದನ್ನು ಅಮೆರಿಕದವರು ತಾವೇ ಕಂಡುಹಿಡಿದೆವೆಂದು ನಂಬಿದ್ದಾರೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ವನ್ನು ಅವರು ಓದಿದಂತಿಲ್ಲ. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ‘ದಾಯಭಾಗ’ದ ಪ್ರಕಾರ ಅಪ್ಪ ತೀರಿಕೊಂಡ ಮೇಲೆ. ಹಾಗಾದರೆ ವಿಂಡೋಸ್ ಯಾವ ಪಂಥ? ಅದು ಹೊಸ ಡಿಸ್ಕಿಗೆ ಕಾಲಿಟ್ಟ ಕ್ಷಣವೇ, ಮನೆಯವರ ಒಂದು ಕಡತವೂ ಹುಟ್ಟುವ ಮುಂಚೆ, ಇಎಫ್‌ಐ ಎಂದು 100 ಮೆಗಾಬೈಟು, ತನಗೆಂದು ಕಾದಿರಿಸಿಕೊಂಡ 16 ಮೆಗಾಬೈಟು, ಕಷ್ಟಕಾಲಕ್ಕೆ ರಿಕವರಿಯೆಂದು ಇನ್ನಷ್ಟು ಎತ್ತಿಕೊಂಡು, ಉಳಿದದ್ದನ್ನು ಯಜಮಾನನಿಗೆ ಬಿಡುತ್ತದೆ. ನಿಸ್ಸಂದೇಹವಾಗಿ ಮಿತಾಕ್ಷರ. ಆ ಉಳಿದದ್ದರ ಹೆಸರು ‘ಸಿ’. ‘ಎ’, ‘ಬಿ’ ಎಂಬ ಹಿರಿಯರಿಬ್ಬರು ಫ್ಲಾಪಿಗಳಾಗಿ ಬಾಳಿ ಎಂದೋ ತೀರಿಕೊಂಡರು. ಅಕ್ಷರಗಳು ಇನ್ನೂ ಅವರ ಹೆಸರಿನಲ್ಲೇ ಇವೆ. ಪೌತಿ ಖಾತೆಗೆ ಯಾರೂ ಅರ್ಜಿ ಕೊಟ್ಟಿಲ್ಲ.

ಈಗ ನಾಲ್ಕು ಪಾಲಿನ ಪಟ್ಟಿ ಹೋಗಿ ಜಿಪಿಟಿ ಎಂಬ ಹೊಸ ಪಟ್ಟಿ ಬಂದಿದೆ. ಸಾಮಾನ್ಯವಾಗಿ 128 ಪಾಲುಗಳಿಗೆ ಜಾಗವಿರುತ್ತದೆ. ಪ್ರಬಂಧಕಾರನ ಮನಸ್ಸು ಗೆದ್ದದ್ದು ಬೇರೆ ಎರಡು ಅಂಶ. ಒಂದು, ಪಟ್ಟಿಯ ನಕಲು ಪ್ರತಿಯೊಂದನ್ನು ಡಿಸ್ಕಿನ ತುಟ್ಟತುದಿಯಲ್ಲಿ ಇಟ್ಟಿರುತ್ತಾರೆ. ಮುಂದಿನದು ಕೆಟ್ಟರೆ ಹಿಂದಿನದು. ರೆಕಾರ್ಡ್ ರೂಮು ಕಟ್ಟಿದವರ ಬುದ್ಧಿ ಇದು. ಇನ್ನೊಂದು, ಸೊನ್ನೆಯ ಸರ್ವೆ ನಂಬರಿನಲ್ಲಿ ಹಳೆಯ ಮಾದರಿಯ ಸುಳ್ಳು ಪಟ್ಟಿಯೊಂದನ್ನು ಹಾಗೇ ಬಿಟ್ಟಿರುತ್ತಾರೆ. ಹಳೆಯ ಸಾಫ್ಟ್‌ವೇರು ಬಂದು ‘ಖಾಲಿ ಇದೆ’ ಎಂದು ಬೇಲಿ ಹಾಕಲು ನೋಡಿದರೆ, ಪೂರ್ತಿ ಒಬ್ಬನೇ ಆಕ್ರಮಿಸಿದ್ದಾನೆ ಎಂದು ಕಂಡು ಹಿಂದಿರುಗಬೇಕು. ಊರಾಚೆ ಸೈಟುಗಳಲ್ಲಿ ‘ಈ ಸ್ವತ್ತು ಮಾರಾಟಕ್ಕಿಲ್ಲ’ ಎಂದು ಬರೆದು ನೆಡುತ್ತಾರಲ್ಲ, ಅದೇ ಬೋರ್ಡು.

ಪ್ರಯೋಗಭಾಗಕ್ಕೆ ಬರೋಣ. ಅಕ್ಕನ ಮಗ ಬೆಂಗಳೂರಿನ ಎಸ್.ಪಿ. ರೋಡಿನಿಂದ ಡಿಸ್ಕು ತಂದ. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದಾಗ ಒಳಗೆ ಹನ್ನೊಂದು ವರ್ಷದ ಧೂಳು, ಜಿರಳೆಯ ಒಂದು ಒಣಗಿದ ಸಂಸಾರ, ಪ್ರಬಂಧಕಾರ ಕಳೆದುಕೊಂಡಿದ್ದ ಪೆನ್ನಿನ ಕ್ಯಾಪು. ಹಳೆಯ ಡಿಸ್ಕಿಗೆ ನಾಲ್ಕು ಸ್ಕ್ರೂ ಇದ್ದವು, ಹೊಸದನ್ನು ಕೂರಿಸುವಾಗ ಮೂರೇ ಸಿಕ್ಕವು. ಎರಡು ಕೇಬಲ್ಲು: ಕರೆಂಟಿಗೆ ಅಗಲದ್ದು, ದತ್ತಾಂಶಕ್ಕೆ ಕಿರಿದು. ಎರಡರ ಬಾಯಲ್ಲೂ ‘ಎಲ್’ ಆಕಾರದ ಒಂದು ಮಡಿಕೆ, ತಿರುಗುಮುರುಗಾಗಿ ತುರುಕಿದರೆ ಹೋಗುವುದಿಲ್ಲ. ಪ್ರಬಂಧಕಾರ ತುರುಕಿ ನೋಡಿ ಖಚಿತಪಡಿಸಿಕೊಂಡ. ಸ್ವತ್ತಿನ ಚಕ್ಕುಬಂದಿ ಹೀಗೆ: ಪೂರ್ವಕ್ಕೆ ಡಿವಿಡಿ ಡ್ರೈವು, ಪಶ್ಚಿಮಕ್ಕೆ ಕ್ಯಾಬಿನೆಟ್ಟಿನ ತಗಡು, ಉತ್ತರಕ್ಕೆ ಫ್ಯಾನು, ದಕ್ಷಿಣಕ್ಕೆ ವೈರಿನ ಗಂಟು, ಇವುಗಳ ಮಧ್ಯೆ ಇರುವ ಮೂರೂವರೆ ಇಂಚಿನ ಸ್ವತ್ತು.

ಪೆನ್‌ಡ್ರೈವಿನಿಂದ ಎದ್ದ ಯಂತ್ರ ಡಿಸ್ಕನ್ನು ತೋರಿಸಿ ‘ಹಂಚಿಕೆಯಾಗದ ಜಾಗ’ ಎಂಬರ್ಥದ ಮಾತು ಬರೆಯಿತು. ಪ್ರಬಂಧಕಾರನಿಗೆ ಮೈ ಜುಂ ಎಂದಿತು. 931 ಗಿಗಾಬೈಟಿನಷ್ಟು ಹಂಚಿಕೆಯಾಗದ ಜಾಗ, ಒಬ್ಬ ಅರ್ಜಿದಾರನೂ ಇಲ್ಲ, ಒಬ್ಬ ರಾಜಕಾರಣಿಯ ಭಾವಮೈದನೂ ಇಲ್ಲ! ಸೇವೆಯಲ್ಲಿದ್ದಷ್ಟು ದಿನವೂ ಇಂಥ ದೃಶ್ಯ ಕಂಡದ್ದಿಲ್ಲ.

ಫಾರ್ಮ್ಯಾಟಿನ ಬಗ್ಗೆ ಜನರಲ್ಲಿ ಒಂದು ಮೂಢನಂಬಿಕೆಯಿದೆ, ಫಾರ್ಮ್ಯಾಟು ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ ಎಂದು. ಕ್ವಿಕ್ ಫಾರ್ಮ್ಯಾಟಿನಲ್ಲಿ ಅಳಿಯುವುದು ಪಹಣಿ ಮಾತ್ರ. ಒಂಬತ್ತನೇ ಕಾಲಮ್ಮಿನಲ್ಲಿದ್ದ ಮಾಲೀಕನ ಹೆಸರು ಹೊಡೆದುಹಾಕಿ ಜಾಗ ಖಾಲಿ ಎಂದು ಬರೆಯುತ್ತಾರೆ. ಹೊಲದಲ್ಲಿ ತೆಂಗಿನ ಮರ ನಿಂತೇ ಇರುತ್ತವೆ, ಕಾಯಿ ಬಿಡುತ್ತಲೂ ಇರುತ್ತವೆ. ಬೇರೊಬ್ಬ ಬಂದು ಉತ್ತು ಬೇರೆ ಬೆಳೆ ಇಟ್ಟ ಮೇಲೆಯೇ ಅವು ಹೋಗುವುದು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವವರು ಇದನ್ನು ನೆನಪಿನಲ್ಲಿಡಬೇಕು. ಪೂರ್ತಿ ಫಾರ್ಮ್ಯಾಟು ಬೇರೆ. ಅಲ್ಲಿ ಸರ್ವೆಯರು ಒಂದೊಂದು ನಂಬರಿಗೂ ಖುದ್ದು ಹೋಗಿ ಖರಾಬು ಹುಡುಕುತ್ತ, ಇಂದಿನ ವಿಂಡೋಸ್‌ನಲ್ಲಾದರೆ ಎಲ್ಲೆಡೆ ಸೊನ್ನೆ ಬಿತ್ತುತ್ತ ಬರುತ್ತಾನೆ. ಅಕ್ಕನ ಮಗನಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಒಪ್ಪಂದಪತ್ರದ ಪುಟ ಬಂತು. ಲೋಕದಲ್ಲಿ ಯಾರೂ ಇದನ್ನು ಓದುವುದಿಲ್ಲ. ಪ್ರಬಂಧಕಾರ ಕನ್ನಡಕ ಏರಿಸಿ ಓದಿದ, ಅಭ್ಯಾಸಬಲ. ಸಾಫ್ಟ್‌ವೇರನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಗಿ ಕೊಟ್ಟಿದೆ ಎಂದು ಅದರ ಸಾರ. ಅಂದರೆ ಗೇಣಿ. ದುಡ್ಡು ಕೊಟ್ಟವನು, ಉಳುವವನು, ಧೂಳು ಒರೆಸುವವನು ನೀವು, ಒಡೆಯ ಬೇರೆ. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಜಾರಿಗೆ ಬಂದಾಗ ಗೇಣಿದಾರರು ಫಾರಂ ನಂಬರ್ 7 ತುಂಬಿ ಒಡೆಯರಾದರು. 2009ರಲ್ಲಿ ವಿಂಡೋಸ್ 7 ಬರುತ್ತಿದೆ ಎಂದು ಪೇಪರಿನಲ್ಲಿ ಓದಿದಾಗ, ಕೊನೆಗೂ ಆ ಫಾರಂ ಇಲ್ಲಿಗೂ ಬಂತಲ್ಲ ಎಂದು ಪ್ರಬಂಧಕಾರ ಹಿಗ್ಗಿದ್ದುಂಟು.

“ಮಾವ, ಅದಕ್ಕೇ ಹೇಳ್ತಿರೋದು, ಲಿನಕ್ಸ್ ಹಾಕಿಸ್ಕೊಳಿ,” ಎಂದ ಅಕ್ಕನ ಮಗ.

ಲಿನಕ್ಸು ಗೋಮಾಳ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬೇಲಿ ಇಲ್ಲದೆ ಬಿಟ್ಟ ಜಾಗ. ಯಾರು ಬೇಕಾದರೂ ದನ ಮೇಯಿಸಬಹುದು, ಹುಲ್ಲು ಬೆಳೆಸಬಹುದು, ಬೆಳೆಸಿದ್ದನ್ನು ಮಾರಲೂಬಹುದು. ಆದರೆ ಹಾಗೆ ಹಂಚುವಾಗ ಸುತ್ತ ಬೇಲಿ ಎಬ್ಬಿಸಿ ‘ಇದು ನನ್ನದು, ಒಳಗೆ ಇಣುಕಬೇಡಿ’ ಅನ್ನುವಂತಿಲ್ಲ. ಗೋಮಾಳ ಒತ್ತುವರಿಯ ಕಡತಗಳನ್ನು ಕಂಡವನಿಗೆ, ಇಷ್ಟು ವರ್ಷವಾದರೂ ಒಂದು ಗೋಮಾಳ ಗೋಮಾಳವಾಗಿಯೇ ಉಳಿದಿದೆ ಎಂದರೆ ನಂಬುವುದು ಕಷ್ಟ. ಪ್ರಬಂಧಕಾರ ಒಲಿಯುವುದರಲ್ಲಿದ್ದ. ಅಷ್ಟರಲ್ಲಿ ಅಡುಗೆಮನೆಯಿಂದ ಆದೇಶ ಬಂತು: “ನನ್ನ ಇಸ್ಪೀಟಿನ ಆಟ ಎಲ್ಲಿತ್ತೋ ಅದನ್ನೇ ಹಾಕಪ್ಪ.” ಲಿನಕ್ಸಿನಲ್ಲೂ ಇಸ್ಪೀಟಿದೆ ಎಂಬ ಮೇಲ್ಮನವಿ ವಜಾ ಆಯಿತು.

ವೇಳಾವಲಯದ ಪಟ್ಟಿಯಲ್ಲಿ ಐದೂವರೆ ತಾಸಿನ ಮುಂದೆ ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ ಎಂದಿದೆ. ಬೆಂಗಳೂರಿನ ಹೆಸರಿಲ್ಲ. ಈ ಪ್ರಬಂಧ ಚೆನ್ನೈ ವೇಳೆಯಲ್ಲಿ ಬರೆದದ್ದು ಎಂದು ಓದುಗರು ತಿಳಿಯತಕ್ಕದ್ದು.

ಶೇಕಡಾ ಏರತೊಡಗಿತು. ಯಂತ್ರ ಅರ್ಧದಲ್ಲಿ ತಾನಾಗಿಯೇ ಆರಿ ಮತ್ತೆ ಹತ್ತುತ್ತದೆ ಎಂದು ಹೇಳಿ ಅಕ್ಕನ ಮಗ ಕಾಫಿಗೆ ಹೋದ. ಆರಿತು, ಹತ್ತಿತು. ಪರದೆ ಭಾಷೆ ಯಾವುದೆಂದು ಕೇಳಿತು. ಹೇಳಿದೆ. ಒಪ್ಪಂದ ಒಪ್ಪುತ್ತೀರಾ ಎಂದಿತು. ಒಪ್ಪಿದೆ. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸುವಷ್ಟರಲ್ಲಿ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗಿತ್ತು.

“ಮಾವ, ಪೆನ್‌ಡ್ರೈವ್ ಕೀಳ್ಲಿಲ್ವಾ?”

ಕೀಳಬೇಕೆಂದು ಯಾರೂ ಹೇಳಿರಲಿಲ್ಲ. ತಹಶೀಲ್ದಾರರ ಸಹಿವರೆಗೂ ಹೋದ ಕಡತ ಒಂದು ಲಗತ್ತಿನ ಕಾರಣಕ್ಕೆ ಮರಳಿ ಗ್ರಾಮಲೆಕ್ಕಿಗನ ಮೇಜಿಗೆ ಬರುವುದು ಹೀಗೆಯೇ. ಈ ಘಟನೆಯೊಂದರಿಂದಲೇ ಪ್ರಬಂಧದ ಪ್ರಮೇಯ ಸಿದ್ಧವಾಗುತ್ತದೆ. ಉಳಿದ ಪುರಾವೆಗಳನ್ನು ಹೆಚ್ಚುವರಿ ಎಂದು ಭಾವಿಸಬಹುದು.

ಹೊಸ ಡಿಸ್ಕು ಚೆನ್ನಾಗಿ ಓಡುತ್ತಿದೆ. ಹಳೆಯದು ಅಡುಗೆಮನೆಯ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಅದರಲ್ಲಿ ಮೊಮ್ಮಗಳ ನಾಮಕರಣದ ಫೋಟೊಗಳಿವೆ. ಮೂವತ್ತನಾಲ್ಕು ವರ್ಷ ಊರವರಿಗೆಲ್ಲ ದೃಢೀಕೃತ ನಕಲು ಕೊಟ್ಟ ನಾನು ಅವುಗಳ ಒಂದು ನಕಲೂ ಮಾಡಿಟ್ಟಿಲ್ಲ. ಸತ್ತ ಡಿಸ್ಕನ್ನು ಓದಿಸುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಶುಲ್ಕ ಎಷ್ಟಾದರೂ ಕೊಡುತ್ತೇನೆ, ರಸೀದಿ ಬೇಡ.