ನಮ್ಮ ಬೀಜ, ಅವರ ಬೀಜ

ನಮ್ಮ ಕಾಫಿಪುಡಿ ವಸ್ತಾರೆ ದಾಟಿ ಬೆಂಗಳೂರಿನ ನೆಂಟರ ಅಪಾರ್ಟ್‌ಮೆಂಟುಗಳನ್ನೆಲ್ಲ ಹೊಕ್ಕ ಮೇಲೆ ನನಗೊಬ್ಬ ಆಡಿಟರು ಬೇಕೆನಿಸಿತು. 'ನಮ್ಮ ಆಡಿಟರು ಹೇಳಿದ್ರು' ಎಂದು ಮದುವೆಮನೆಯ ಪಂಕ್ತಿಯಲ್ಲಿ ಹೇಳುವ ಗತ್ತೇ ಬೇರೆ.

"ಕೃಷಿಗೆ ತೆರಿಗೆ ಇಲ್ಲ ಮಾರಾಯ, ಆಡಿಟರು ಯಾಕೆ?" ಎಂದರು ಭಾವ. ಕಣದಲ್ಲಿ ಒಣಗಿಸಿದ ಚೆರ್ರಿಯನ್ನು ಮೂಟೆ ಕಟ್ಟಿ ಮಾರುವ ಅವರ ಮಟ್ಟಿಗೆ ಮಾತು ಸರಿಯೇ. ಆದರೂ ನಾನು ಹುಡುಕಿದೆ. ಚಿಕ್ಕಮಗಳೂರಿನಲ್ಲಿ ನೋಡಿದ ಮೊದಲನೆಯ ಆಡಿಟರು ಫೀಸು ಹೇಳಿದರು, ಬೇರೇನನ್ನೂ ಕೇಳಲಿಲ್ಲ. ಎರಡನೆಯವರು, "ಸೈನ್ ಹಾಕಿ ಕೊಡಿ, ಉಳಿದದ್ದು ನಂಗೆ ಬಿಡಿ" ಎಂದರು. ಹಾಗೆ ಬಿಟ್ಟುಬಿಟ್ಟವರ ಮನೆ ಬಾಗಿಲಿಗೇ ನೋಟಿಸು ಬರುವುದು, ಬಿಡಿ ಎಂದವರ ಮನೆಗಲ್ಲ. ಪಾಪದ ಬೆಳೆಗಾರರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಮೂರನೆಯವರು ಸಣ್ಣ ಪ್ರಾಯದ ಸಿ.ಎ. ಮೇಡಂ. ಸಂದರ್ಶನ ಮಾಡೋಣವೆಂದು ನಾನು ಕಾಲ ಮೇಲೆ ಕಾಲು ಹಾಕಿ ಕೂತೆ. ಶುರು ಮಾಡಿದ್ದು ಅವರು: "ಎಲ್ಲಿವರೆಗೆ ಕೃಷಿ ಸರ್ ನಿಮ್ದು?"

ಆಮೇಲೆ ಅವರೇ ಬಿಡಿಸಿ ಹೇಳಿದರು. ಸ್ವಂತ ಬೆಳೆ ಹಸಿಯಾಗಿಯೋ ಒಣಗಿಸಿಯೋ ಮಾರಿದರೆ ಆದಾಯ ತೆರಿಗೆಯಿಲ್ಲ. ಸಿಪ್ಪೆ ಬಿಡಿಸಿ ಕ್ಯೂರಿಂಗ್ ಮಾಡಿ ಮಾರಿದರೆ ಲಾಭದ ಶೇ. 25 ವ್ಯಾಪಾರ, ಅಷ್ಟಕ್ಕೆ ತೆರಿಗೆ. ಹುರಿದು ಪುಡಿ ಮಾಡಿದರೆ ಶೇ. 40, ಚಿಕೋರಿ ಬೆರೆಸಿದರೂ ಅಷ್ಟೇ. ಆದಾಯ ತೆರಿಗೆಯ ನಿಯಮವಂತೆ. ಗೊತ್ತಿದ್ದವನಂತೆ ತಲೆಯಾಡಿಸಿದೆ.

"ಹೊರಗಿನ ಬೀಜ ಸೇರಿಸ್ತೀರಾ?"

"ಆರ್ಡರು ಜಾಸ್ತಿಯಾದ್ರೆ, ಪಕ್ಕದ ತೋಟದ್ದು ಒಂದಿಷ್ಟು ರೊಬಸ್ಟಾ..."

"ಅದರ ಲಾಭ ಪೂರ್ತಿ ವ್ಯಾಪಾರ. ಶೇ. 40ರ ಲೆಕ್ಕ ನೀವೇ ಬೆಳೆದದ್ದಕ್ಕೆ ಮಾತ್ರ."

ಆ ರಾತ್ರಿ ಹುರಿಯುವ ಡ್ರಮ್ಮಿನ ಮುಂದೆ ನಿಂತೆ. ನಮ್ಮ ಅರೇಬಿಕಾ, ಅವರ ರೊಬಸ್ಟಾ ಒಂದೇ ಬಿಸಿಗೆ ಸಿಡಿಯುತ್ತಿದ್ದವು. ಚಟ್ ಎಂದದ್ದು ಅರೆ ರೈತ. ಪಟ್ ಎಂದದ್ದು ಅಪ್ಪಟ ವ್ಯಾಪಾರಿ. ಸೌಟಿನಲ್ಲಿ ಒಂದಿಷ್ಟು ತೆಗೆದು ಟಾರ್ಚು ಬಿಟ್ಟೆ. ಉದ್ದಕ್ಕಿದೆ, ಅರೇಬಿಕಾ, ನಲವತ್ತು. ಗುಂಡಗಿದೆ, ರೊಬಸ್ಟಾ, ನೂರು. ಮೂರನೆಯದು ಪೀಬೆರ್ರಿ. ಅದು ಎರಡು ಜಾತಿಯಲ್ಲೂ ಗುಂಡಗೇ ಹುಟ್ಟುತ್ತದೆ. ಸರ್ಕಾರದ್ದೋ ನಮ್ಮದೋ? ಮೂಸಿದೆ. ಕಚ್ಚಿದೆ. ನಾಲಿಗೆ ಸುಟ್ಟಿತು, ತೀರ್ಪು ಬರಲಿಲ್ಲ. ಸಂಶಯದ ಲಾಭ ರೈತನಿಗೆ ಎಂದು ನಮ್ಮ ಗುಡ್ಡೆಗೆ ಹಾಕಿ ಮುಂದಿನದಕ್ಕೆ ಕೈ ಹಾಕುವಷ್ಟರಲ್ಲಿ, "ರೀ, ಹೊಗೆ!"

ಡ್ರಮ್ಮಿನೊಳಗೆ ಅಷ್ಟೂ ಬೀಜ ಇದ್ದಿಲಾಗಿ ಜಾತಿಭೇದ ಮರೆತಿತ್ತು.

ಬೆಳಿಗ್ಗೆ ಮೇಡಂಗೆ ಫೋನು ಮಾಡಿದೆ. ಈ ನಷ್ಟದಲ್ಲಿ ಕೃಷಿ ಎಷ್ಟು, ವ್ಯಾಪಾರ ಎಷ್ಟು? ಅವರಿಗೆ ನಗು ಬರಲಿಲ್ಲ. ಆಗಲೇ ನಿಶ್ಚಯಿಸಿದೆ, ನಮ್ಮ ಆಡಿಟರು ಇವರೇ. "ನಿಮ್ದೆಷ್ಟು ಕೆ.ಜಿ., ಅವರದೆಷ್ಟು?" ಎಂದರು. ನಾನು ತಡವರಿಸುತ್ತಿದ್ದಂತೆ ಹೆಂಡತಿ ಫೋನು ಕಸಿದುಕೊಂಡು, ಹಾಲಿನ ಲೆಕ್ಕದ ಪುಸ್ತಕ ತಿರುವಿದಳು.

"ಅರೇಬಿಕಾ ಹನ್ನೆರಡು, ರೊಬಸ್ಟಾ ಎಂಟು ಮೇಡಂ. ಸುಟ್ಟಿದ್ದು ಇವರು. ಇವರನ್ನ ಯಾವ ಖಾತೆಗೆ ಹಾಕೋದು?"